ಎರಡು ಬಣ್ಣದ ಒಂದೇ ದೀಪ

ಮನೆಯಲ್ಲಿ ಊಟದ ಟೇಬಲ್ ಇದ್ದೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವ ದಂಪತಿ ನಾವು. ತಪ್ಪು ನನ್ನದೇ. ಟೇಬಲ್ ತುಂಬ ನನ್ನ ಸರ್ಕ್ಯೂಟುಗಳ ಸಾಮ್ರಾಜ್ಯ. ದಿನವಿಡೀ ಆಫೀಸಿನಲ್ಲಿ ಎಲ್ಲರ ಮಾತು ಕೇಳಿ ಸುಸ್ತಾದವನಿಗೆ, ಸಂಜೆ ತನ್ನ ಮಾತು ಕೇಳುವ ವಸ್ತುವೊಂದು ಬೇಡವೇ? (ಅವೂ ಕೇಳುವುದಿಲ್ಲ, ಆ ಮಾತು ಬೇರೆ.)

ಹೆಂಡತಿ ಧೂಳು ಹೊಡೆಯುವಾಗ ನನ್ನ ರೆಸಿಸ್ಟರುಗಳ ಡಬ್ಬಿ ಮಗುಚಿತು. ವಿದ್ಯುತ್ತಿಗೆ ಅಡ್ಡಗಾಲು ಹಾಕುವ ಈ ಕಾಳುಗಳಲ್ಲಿ ಯಾವುದರ ತಡೆ ಎಷ್ಟೆಂದು ಮೈಮೇಲಿನ ಬಣ್ಣದ ಪಟ್ಟೆ ನೋಡಿಯೇ ಲೋಕವೆಲ್ಲ ಹೇಳುತ್ತದೆ. ನನ್ನ ಕಣ್ಣಿಗೆ ಮಾತ್ರ ಕೆಂಪೂ ಹಸಿರೂ ಅವಳಿ ಜವಳಿ.

"ಏ, ಈ ಪಟ್ಟೆ ಯಾವ ಬಣ್ಣ?"

"ಕೆಂಪು."

"ಇದು?"

"ಅದೂ ಕೆಂಪೇ. ರೀ, ಒಲೆ ಮೇಲೆ ಹಾಲಿಟ್ಟಿದ್ದೀನಿ!"

ಹಾಲು ಉಕ್ಕಿತು. ಹಿಂದೆಯೇ ಅವಳೂ.

"ಭಾನುವಾರದೊಳಗೆ ನೀವೊಬ್ರೇ ಇದನ್ನೆಲ್ಲ ವಿಂಗಡಿಸಿದ್ರೆ ಟೇಬಲ್ ನಿಮ್ಮದು. ನನ್ನನ್ನ ಒಂದೇ ಒಂದು ಸಲ ಕರೆದ್ರೂ ಎಲ್ಲಾ ಅಟ್ಟಕ್ಕೆ!"

ನನ್ನೊಳಗಿನ ವಿಜ್ಞಾನಿ ಆಕಳಿಸುತ್ತಲೇ ಎದ್ದ. ಹೇಳಿಕೊಟ್ಟಷ್ಟು ಮಾಡುವ ಬೆರಳುದ್ದದ ಕಂಪ್ಯೂಟರ್, ಮೈಕ್ರೋಕಂಟ್ರೋಲರ್ ತೆಗೆದೆ. ಅಳತೆ ಗೊತ್ತಿರುವ ರೆಸಿಸ್ಟರಿನ ಪಕ್ಕ ಗೊತ್ತಿಲ್ಲದ್ದನ್ನು ಸಿಕ್ಕಿಸಿದರೆ, ಎರಡೂ ವೋಲ್ಟೇಜನ್ನು ಹೇಗೆ ಹಂಚಿಕೊಂಡವೆಂದು ನೋಡಿ, ದೊಡ್ಡದೋ ಚಿಕ್ಕದೋ ಎಂದು ಅದು ದೀಪ ಹೊತ್ತಿಸಿ ಹೇಳಬೇಕು. ಎರಡು ದೀಪ ಯಾಕೆ ದಂಡ ಎಂದು, ಎರಡು ಬಣ್ಣ ತೋರಿಸುವ ಒಂದೇ ದೀಪ ಕೂರಿಸಿದೆ. ಜಾಣತನ ಅಂದರೆ ಇದು!

ಭಾನುವಾರ ಅವಳು ಸೋಫಾದಲ್ಲಿ ಬಟ್ಟೆ ಮಡಚುತ್ತಿದ್ದಳು.

"ಆಯ್ತಾ, ವಿಜ್ಞಾನಿಗಳೇ?"

"ಆಯ್ತು. ಇನ್ನು ನಿನ್ನ ಹಂಗಿಲ್ಲ ಕಣೇ."

ಮೊದಲ ಕಾಳು ಸಿಕ್ಕಿಸಿದೆ. ದೀಪ ಹತ್ತಿತು! ಎರಡನೆಯದು ಸಿಕ್ಕಿಸಿದೆ. ಹತ್ತಿತು. ಬಗ್ಗಿ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ದೊಡ್ಡದಕ್ಕೆ ಕೆಂಪು, ಚಿಕ್ಕದಕ್ಕೆ ಹಸಿರು ಎಂದು ಪ್ರೋಗ್ರಾಮ್ ಬರೆದ ಮಹಾನುಭಾವ ನಾನೇ. ಅಭ್ಯಾಸಬಲ, ಬಾಯಿ ತಾನಾಗಿ ತೆರೆಯಿತು.

"ಏ, ಇದು ಯಾವ ಬಣ್ಣ?"

ಅವಳು ತಲೆ ಎತ್ತಲಿಲ್ಲ. ಮಡಚುತ್ತಿದ್ದ ಬಟ್ಟೆಗಳಲ್ಲಿ ಹಳೆಯದೊಂದನ್ನು ನನ್ನತ್ತ ಎಸೆದಳು.

"ಟೇಬಲ್ ಒರೆಸಿ. ಊಟಕ್ಕೆ ಕೂರೋಣ."

ಡಬ್ಬಿ ಹೊತ್ತು ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತವಳು ಮೆಲ್ಲಗೆ ಕೇಳಿದಳು: "ಅಲ್ಲಾ ರೀ, ದೊಡ್ಡದಾದ್ರೆ ಎರಡು ಸಲ ಮಿಟುಕು ಅಂತ ಅದಕ್ಕೆ ಹೇಳ್ಕೊಡ್ಬಹುದಿತ್ತಲ್ವಾ?"

ನಾನು ಇನ್ನೊಂದು ಮೆಟ್ಟಿಲು ಹತ್ತಿದೆ.