ಓಡುವ ಕಾರಿನಿಂದ ಹರಕೆಯ ಕಾಯಿ

ಮೊರದಲ್ಲಿ ಅಕ್ಕಿ ಆರಿಸುತ್ತಾ ಕುಳಿತಿದ್ದಾಗ ಅಂಚೆಯವನು ಕುಮಟೆಯಿಂದ ಬಂದ ಕಾರ್ಡು ಕೊಟ್ಟು ಹೋದ. ಮದುವೆಯಾಗಿ ಹನ್ನೊಂದು ವರ್ಷಕ್ಕೆ ನನ್ನ ತಮ್ಮನಿಗೆ ಹುಟ್ಟಿದ ಮಗಳನ್ನು ಭಾನುವಾರ ತೊಟ್ಟಿಲಿಗೆ ಹಾಕುತ್ತಾರಂತೆ. ಮುಹೂರ್ತ ಹತ್ತು ಗಂಟೆಗೆ. ಸೋದರತ್ತೆಯಾದ ನಾನೇ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ತಡವಾದರೆ ಅವನ ಹೆಂಡತಿಯ ತಾಯಿ ಹೇಳಿಬಿಡುತ್ತಾರೆ ಎಂದು ಕೊನೆಯ ಸಾಲಿನಲ್ಲಿ ಎಚ್ಚರಿಸಿದ್ದ. ಆ ಹೆಂಗಸು ಮುಹೂರ್ತಕ್ಕೆ ಕಾಯುವವರಲ್ಲ. ಮದುವೆಯಲ್ಲೂ ಪಾಯಸ ಬರುವ ಮೊದಲೇ ಎಲೆ ಮಡಚಿ ಎದ್ದವರು. ಕಾರ್ಡನ್ನು ಕಣ್ಣಿಗೊತ್ತಿಕೊಂಡೆ. ಆ ಸಂತೋಷದಲ್ಲಿ ಅಕ್ಕಿ ಯಾವುದು, ಕಲ್ಲು ಯಾವುದು ಎಂದು ಸರಿಯಾಗಿ ನೋಡಲಿಲ್ಲವೆಂದು ಮಧ್ಯಾಹ್ನ ನಮ್ಮ ಯಜಮಾನರ ಹಲ್ಲಿಗೆ ಗೊತ್ತಾಯಿತು.

ಈ ಮಗುವಿಗಾಗಿ ನಾನೊಂದು ಹರಕೆ ಹೊತ್ತಿದ್ದೆ. ಕುಮಟೆಗೆ ಹೋಗುವಾಗ ಮಂಕಿ ಎಂಬ ಊರು ದಾಟಿದ ಮೇಲೆ ಸಿಗುವ ಏರಿನಲ್ಲಿ, ರಸ್ತೆಯ ಎಡಕ್ಕೆ, ದಾರಿ ಕಾಯುವ ಜಟಗ ದೇವರ ಕಟ್ಟೆ ಇದೆ. ತೊಟ್ಟಿಲಿಗೆ ಹೋಗುವ ದಿನ ಅಲ್ಲಿ ಕಾಯಿ ಒಡೆದೇ ಹೋಗುತ್ತೇನೆಂದು ಕೈಮುಗಿದಿದ್ದೆ. ಆದರೆ ಹರಕೆ ಹೊತ್ತದ್ದು ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲದಲ್ಲಿ. ಆಮೇಲೆ ನಮ್ಮ ಮನೆಗೆ ಕಾರು ಬಂತು.

ಕಾರೆಂದರೆ, ತೆಂಗಿನಗುಂಡಿಯ ಮೀನು ವ್ಯಾಪಾರಿಯೊಬ್ಬರು ಸಾಕುಸಾಕಾಗಿ ಮಾರಿದ್ದು. ಎಷ್ಟು ಊದುಬತ್ತಿ ಹಚ್ಚಿದರೂ ಮಳೆಗಾಲದಲ್ಲಿ ಅದಕ್ಕೆ ತನ್ನ ಪೂರ್ವಾಶ್ರಮ ನೆನಪಾಗುತ್ತದೆ. ಇವರು ಭಟ್ಕಳದಲ್ಲಿ ಹೈಸ್ಕೂಲಿನ ಗಣಿತ ಮಾಸ್ತರು. ಕಾರು ಬಂದದ್ದೇ ಅದು ಲೀಟರಿಗೆ ಎಷ್ಟು ಓಡುತ್ತದೆಂಬ ಲೆಕ್ಕ ಇವರ ತಲೆ ಹೊಕ್ಕಿತು. ಗ್ಯಾರೇಜಿನ ಸಾಹೇಬರು, "ಮಾಸ್ತರೇ, ಕ್ಲಚ್ಚಿನ ಮೇಲೆ ಕಾಲಿಟ್ಟು ಕೂತ್ಕೋಬೇಡಿ, ಟಯರಿಗೆ ಗಾಳಿ ಸರಿ ಇಡಿ, ಬೇಗ ಟಾಪ್ ಗೇರಿಗೆ ಬನ್ನಿ. ನಿಲ್ಸಿ ನಿಲ್ಸಿ ಹೊರಟ್ರೆ ಗಾಡಿ ಪೆಟ್ರೋಲ್ ಕುಡೀತದೆ" ಎಂದು ನಾಲ್ಕು ಒಳ್ಳೆಯ ಮಾತು ಹೇಳಿದರು. ಅವರು ಹೇಳಿದ್ದು ಸಲಹೆ, ಇವರು ತೆಗೆದುಕೊಂಡದ್ದು ದೀಕ್ಷೆ. ಆಕ್ಸಿಲರೇಟರಿನ ಮೇಲೆ ಭಾರ ಬೀಳಬಾರದೆಂದು ಗರ್ಭಗುಡಿಗೆ ಹೋಗುವವರಂತೆ ಚಪ್ಪಲಿ ಕಳಚಿ ಬರಿಗಾಲಲ್ಲಿ ಓಡಿಸತೊಡಗಿದರು. ಗಾಳಿ ಎದುರು ನಿಲ್ಲುತ್ತದೆಂದು ಮೇ ತಿಂಗಳಲ್ಲೂ ಕಿಟಕಿ ಮುಚ್ಚಿಸಿದರು. ಒಮ್ಮೆ ಟಾಪ್ ಗೇರು ಬಿದ್ದಿತೆಂದರೆ ಮುಗಿಯಿತು, ದಾರಿಯಲ್ಲಿ ಬೀಗರು ಕೈ ಮಾಡಿದರೂ ನಿಲ್ಲಿಸುವುದಿಲ್ಲ. ದೇವರ ದಯೆ, ಬ್ರೇಕು ಬೇಡವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹರಕೆಯ ಮಾತು ಎತ್ತಿದೆ.

"ಏರಿನಲ್ಲಿ ನಿಲ್ಸೂದ? ಮತ್ತೆ ಫಸ್ಟ್ ಗೇರಿಂದ ಎಬ್ಬಿಸ್ಬೇಕು. ಒಂದು ಕಾಯಿಗೆ ಎಷ್ಟು ಪೆಟ್ರೋಲು ಸುಡೂದು?"

"ಎಂತ ಮಾತಾಡ್ತ್ರಿ? ದೇವರ ಕಾಯಿ ಅದು."

"ನಿಧಾನ ಮಾಡ್ತೆ. ನೀನು ಕಿಟಕಿಯಿಂದ ಎಸಿ. ಕಲ್ಲಿಗೆ ತಾಗಿದ್ರೆ ಒಡೀತದೆ. ಒಡೆಯೂದು ಮುಖ್ಯ ಅಲ್ವಾ?"

ಆಗ ಜಗಳ ಆಡಬೇಕಿತ್ತು. "ಆತು" ಎಂದುಬಿಟ್ಟೆ. ಮೂರು ದಿನ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಕಾಯಿ ಎಸೆದು ಅಭ್ಯಾಸ ಮಾಡಿದೆ. ಪಕ್ಕದ ಮನೆಯ ಸುಮತಿಬಾಯಿ ಬೇಲಿಯಾಚೆಯಿಂದ ನೋಡಿ, "ಎಂತ ಅಕ್ಕಾ, ಮಾಸ್ತರ ಮೇಲಿನ ಸಿಟ್ಟು ಕಾಯಿ ಮೇಲೆ ತೀರಿಸೂದ?" ಎಂದು ನಕ್ಕಳು. ಐದರಲ್ಲಿ ಮೂರು ಒಡೆದವು. ಮೂರು ದಿನವೂ ನಮ್ಮಲ್ಲಿ ಕಾಯಿಚಟ್ನಿ.

ಭಾನುವಾರ ರೇಷ್ಮೆ ಸೀರೆಯುಟ್ಟು, ಮಡಿಲಲ್ಲಿ ಕಾಯಿಯಿಟ್ಟುಕೊಂಡು ಹೊರಟೆ. ಕಾಯ್ಕಿಣಿ ದಾಟಿತು, ಮಂಕಿ ದಾಟಿತು. ಕಟ್ಟೆ ಕಂಡಾಗ ಇವರು ಕಿಟಕಿ ತೆಗೆಯಲು ಅಪ್ಪಣೆ ಕೊಟ್ಟರು. ಕೈಮುಗಿದು, ಕಣ್ಣು ಮುಚ್ಚಿ, ಎಸೆದೆ. ಠಕ್ಕೆಂಬ ಸದ್ದೂ ಕೇಳಿಸಿತು. ತಿರುಗಿ ನೋಡಿದರೆ ಇಡೀ ಕಾಯಿ ಇಳಿಜಾರಿನಲ್ಲಿ ಉರುಳುತ್ತಾ ಭಟ್ಕಳದ ದಾರಿ ಹಿಡಿದಿತ್ತು.

"ನಿಲ್ಸಿ!" ಎಂದು ಕೂಗಿದೆ, ಇವರು ನಿಲ್ಲಿಸಲಿಲ್ಲ. ಒಂದು ಮೈಲು ಹೋಗುವಷ್ಟರಲ್ಲಿ ಹಿಂದಿನಿಂದ ಹಂಚಿನ ಲಾರಿಯೊಂದು ಹಾರ್ನ್ ಹೊಡೆಯತೊಡಗಿತು. "ಅಂವನಿಗೆ ಸೈಡು ಬೇಕಂತೆ, ಕೊಡೂದಿಲ್ಲ" ಎಂದರು ಇವರು. ಲಾರಿ ಹಾರ್ನ್ ಹೊಡೆದಷ್ಟೂ ಇವರ ಬರಿಗಾಲು ಕೆಳಗೆ ಹೋಯಿತು. ವರ್ಷವಿಡೀ ಹನಿ ಹನಿಯಾಗಿ ಉಳಿಸಿದ್ದೆಲ್ಲ ಹೊಗೆಯಾಗಿ ಹಿಂದೆ ಹೋಗುವುದನ್ನು ನಾನು ಕಣ್ಣಾರೆ ಕಂಡೆ. ಹೊನ್ನಾವರದ ಸೇತುವೆಯ ಬಳಿ ಎದುರಿನಿಂದ ಬಸ್ಸು ಬಂದು ನಿಲ್ಲಲೇಬೇಕಾಯಿತು. ಲಾರಿಯ ಡ್ರೈವರು ಇಳಿದು ಬಂದ.

"ಎಂತ ಮಾರಾಯ್ರೆ, ಹಾರ್ನ್ ಹೊಡ್ದು ಹೊಡ್ದು ಕೈ ಸೋತ್ ಹೋತು! ಅಮ್ಮಾ, ನಿಮ್ ಕಾಯಿ ರಸ್ತೆ ಮೇಲೆ ಬಿದ್ದಿತ್ತು, ಹೆಕ್ಕಂಡು ಬಂದೆ, ತಕಣಿ."

ಕಾಯಿ ನನ್ನ ಮಡಿಲಿಗೆ ವಾಪಸು ಬಂತು. ಜಟಗ ಅದನ್ನು ಒಲ್ಲೆನೆಂದು ಲಾರಿಯಲ್ಲಿ ಕಳಿಸಿದ ಎಂದೇ ನನಗನಿಸಿತು. ಗಂಟೆ ಒಂಬತ್ತೂ ಕಾಲು. ತಿರುಗಿ ಹೋದರೆ ಹರಕೆ ತೀರುತ್ತದೆ, ಹೆಸರು ತಪ್ಪುತ್ತದೆ. ಮುಂದೆ ಹೋದರೆ ಹೆಸರು ಸಿಗುತ್ತದೆ, ಹರಕೆ ತಪ್ಪುತ್ತದೆ. ಲಾರಿಯೊಂದಿಗೆ ರೇಸು ನಡೆಸಿದ ಇವರಿಗೆ ಪೆಟ್ರೋಲಿನ ಮಾತಾಡಲು ಮುಖವಿರಲಿಲ್ಲ. ತೀರ್ಮಾನ ನನ್ನದೇ. "ನಡೀರಿ ಕುಮಟೆಗೆ. ದೇವ್ರು ಸಂಜೆವರೆಗೆ ಕಾಯ್ತಾನೆ" ಎಂದೆ.

ನಾವು ಒಳಗೆ ಕಾಲಿಟ್ಟಾಗ ತಮ್ಮನ ಅತ್ತೆ ಆಗಲೇ ತೊಟ್ಟಿಲಿನ ತಲೆಯ ಕಡೆ ನಿಂತಿದ್ದರು. ನನ್ನನ್ನು ನೋಡಿ ಮುಖ ಸಣ್ಣ ಮಾಡಿಕೊಂಡು ಸರಿದರು. ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದೆ. ಹನ್ನೊಂದು ವರ್ಷ ಕಾದಿದ್ದು ಈ ಅಂಗೈಯಗಲದ ಮುಖಕ್ಕಾಗಿ.

ಸಂಜೆ ಮರಳುವಾಗ, ಕಟ್ಟೆಗೆ ಇನ್ನೂ ಎರಡು ಮೈಲು ಇದೆ ಎನ್ನುವಾಗ, ಕಾರು ಎರಡು ಸಲ ಕೆಮ್ಮಿ ನಿಂತಿತು. ಪೆಟ್ರೋಲು ಖಾಲಿ. ಇವರು ಡಬ್ಬಿ ಹಿಡಿದು ಹೊನ್ನಾವರದ ಕಡೆ ಹೋಗುವ ಟೆಂಪೋ ಹತ್ತಿದರು. ನಾನು ಕಾಯಲಿಲ್ಲ. ರೇಷ್ಮೆ ಸೀರೆಯ ನಿರಿಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಕಾಯಿ ಹಿಡಿದು ನಡೆದೆ. ಎರಡು ಮೈಲೂ ಜಟಗನ ಹತ್ತಿರ ತಪ್ಪಾಯ್ತು ಎನ್ನುತ್ತಾ ಹೋದೆ. ನಡುನಡುವೆ ಇವರ ಬಗ್ಗೆಯೂ ಒಂದಷ್ಟು ಹೇಳಿದೆ. ಕಟ್ಟೆಯ ಕಲ್ಲಿಗೆ ಕೈಯಾರೆ ಹೊಡೆದಾಗ ಕಾಯಿ ಒಂದೇ ಏಟಿಗೆ ಎರಡು ಹೋಳಾಯಿತು.

ಅಷ್ಟರಲ್ಲಿ ಕಾರು ಬಂದು ಕಟ್ಟೆಯ ಎದುರಿಗೇ ನಿಂತಿತು.

"ಟಾಪ್ ಗೇರಲ್ಲಿದ್ದ ಕಾರು ನಿಲ್ಸೇಬಿಟ್ರಲ್ಲ?" ಎಂದೆ.

"ಮತ್ತೆ? ಓಡೂ ಕಾರಿಗೆ ಹತ್ತೂಕೆ ಬರ್ತದ್ಯ ನಿಂಗೆ? ಕಾಯಿ ಎಸ್ದದ್ದು ನೋಡಿದೆ, ಸಾಕು" ಎಂದರು. ಹೇಗೂ ಬರಿಗಾಲಲ್ಲೇ ಇದ್ದರು, ಇಳಿದು ಬಂದು ಕೈಮುಗಿದರು.

ಇವರ ಜಿಪುಣತನವನ್ನು ಇಷ್ಟು ಹೊತ್ತು ಆಡಿಕೊಂಡೆ. ಆದರೆ ಅಂದು ನಾನು "ಆತು" ಎಂದದ್ದು ಇವರಿಗೆ ಹೆದರಿ ಅಲ್ಲ. ಕಟ್ಟೆಯಲ್ಲಿ ಇಳಿದರೆ ಹತ್ತು ನಿಮಿಷ ಹೋಗುತ್ತದೆ, ಅಷ್ಟರಲ್ಲಿ ಆ ಹೆಂಗಸು ತೊಟ್ಟಿಲ ಬಳಿ ನಿಂತುಬಿಡುತ್ತಾರೆ ಎಂಬ ಲೆಕ್ಕ ನನ್ನೊಳಗೇ ಇತ್ತು. ಇವರು ಪೆಟ್ರೋಲಿನಲ್ಲಿ ಉಳಿಸಲು ಹೋದರು, ನಾನು ದೇವರಲ್ಲಿ. ಜಟಗ ಇಬ್ಬರ ಲೆಕ್ಕವನ್ನೂ ತಿದ್ದಿ, ನನ್ನನ್ನು ಮಾತ್ರ ಎರಡು ಮೈಲು ನಡೆಸಿದ.

ಮನೆಗೆ ಬಂದು ಇದನ್ನೆಲ್ಲ ಇವರಿಗೆ ಹೇಳೋಣವೆಂದುಕೊಂಡೆ. ಅಷ್ಟರಲ್ಲಿ ಹಿತ್ತಲಿನ ಹಗ್ಗದ ಮೇಲೆ ಬಟ್ಟೆ ಹಾಗೇ ಇರುವುದು ಕಂಡಿತು. ಇಬ್ಬನಿ ಬೀಳುವ ಮೊದಲು ತೆಗೆದು ಮಡಚಲು ಹೋದೆ.