ನಮ್ಮೂರ ಗುಡ್ಡದ ಮೇಲಿನ ಚಹಾ ತೋಟ

ಕಳೆದ ಶ್ರಾವಣದ ಎರಡನೆಯ ಭಾನುವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಯಾದಗಿರಿಯ ಸ್ಟೇಷನ್ ರಸ್ತೆಯ ಒಂದು ಕಿರಾಣಿ ಅಂಗಡಿಯ ಮುಂದೆ, ಎಡಗಾಲನ್ನು ಮೆಟ್ಟಿಲ ಮೇಲೂ ಬಲಗಾಲನ್ನು ರಸ್ತೆಯ ಮೇಲೂ ಇಟ್ಟುಕೊಂಡು ನಾನು ನಿಂತಿದ್ದೆ. ಬಿಸಿಲು ಬೆನ್ನಿಗಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಹೇಳುವುದನ್ನು ಒಂದೇ ಸಲಕ್ಕೆ ನಂಬಿದವರು ನಮ್ಮ ಶಹಾಪುರದಲ್ಲಿ ಯಾರೂ ಇಲ್ಲ. ಆ ಅಂಗಡಿಯ ಬಾಗಿಲಿಗೆ ಶಾಂಪೂ ಪಾಕೀಟುಗಳ ಮಾಲೆಯ ಪಕ್ಕದಲ್ಲಿ ಚಹಾಪುಡಿಯ ಪಾಕೀಟುಗಳ ಮಾಲೆಯೊಂದು ತೂಗುತ್ತಿತ್ತು. ಪ್ರತಿ ಪಾಕೀಟಿನ ಮೇಲೂ ನಮ್ಮೂರ ಗುಡ್ಡ. ಮಲಗಿದ ಬುದ್ಧನಂತೆ ಕಾಣುವ ನಮ್ಮ ಗುಡ್ಡವನ್ನು ಯಾರೂ ಗುರುತಿಸದೆ ಇರಲಾರರು; ಹಣೆ, ಮೂಗು, ಗದ್ದ, ಎದೆ ಎಲ್ಲವೂ ಇದ್ದಲ್ಲೇ ಇದ್ದವು. ಆದರೆ ಎದೆಯಿಂದ ಪಾದದವರೆಗೆ ಹಚ್ಚಹಸಿರು ಚಹಾ ತೋಟ ಬೆಳೆದಿತ್ತು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡ ಹೆಂಗಸರು ನಗುನಗುತ್ತ ಎಲೆ ಕೀಳುತ್ತಿದ್ದರು. ಕೆಳಗೆ ಕೆಂಪಕ್ಷರದಲ್ಲಿ ‘ಅಸಲಿ ಶಹಾಪುರ ಚಾ’ ಎಂದು ಬರೆದಿತ್ತು.

ನಾನು ಕಾಣದ್ದನ್ನು ಕಂಡೆನೆಂದು ಹೇಳುವವನಲ್ಲ. ಇದು ನನ್ನ ಗುಣವೇನಲ್ಲ, ಹೆದರಿಕೆ. ಹಿಂದೊಮ್ಮೆ ಪಕ್ಕದ ಅಂಗಡಿಯ ಬೀಗ ಒಡೆದಾಗ ಪಂಚನಾಮೆಗೆ ಸಹಿ ಹಾಕಿ, ಸುರಪುರದ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದೆ. ಎದುರಿನ ವಕೀಲರು ಎಲ್ಲಿ ನಿಂತಿದ್ದಿರಿ, ಯಾವ ಕಡೆ ಮುಖ ಮಾಡಿದ್ದಿರಿ, ಕನ್ನಡಕವಿತ್ತೋ ಇಲ್ಲವೋ ಎಂದು ಕೇಳುತ್ತ ಹೋದಂತೆ, ಆ ಬೀಗ ಒಡೆದವನು ನಾನೇ ಇರಬಹುದೆಂಬ ಅನುಮಾನ ನನಗೇ ಬಂದಿತ್ತು. ಅಂದಿನಿಂದ ಯಾವುದನ್ನು ಹೇಳುವುದಿದ್ದರೂ ಕಾಲು ಎಲ್ಲಿತ್ತು ಎಂಬಲ್ಲಿಂದ ಶುರು ಮಾಡುತ್ತೇನೆ. ಹೆಂಡತಿ ನೀಲಮ್ಮ, “ಉಪ್ಪು ತಂದೀರೇನು ಅಂದ್ರ ಬಸ್‌ಸ್ಟ್ಯಾಂಡಿನಿಂದ ಶುರು ಮಾಡ್ತೀರಿ” ಎನ್ನುತ್ತಾಳೆ. ಅದೂ ನಿಜ.

ಗಾಬರಿಯಾಗಲು ಇನ್ನೊಂದು ಕಾರಣವಿತ್ತು. ಶಹಾಪುರದ ಬಜಾರಿನಲ್ಲಿ ಬಿಡಿ ಚಹಾಪುಡಿಯ ಅಂಗಡಿ ಎಂದರೆ ನಮ್ಮದೊಂದೇ. ತಂದೆಯವರು ಇಟ್ಟದ್ದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಸುರಪುರ, ತಿಂಥಣಿ, ದೋರನಹಳ್ಳಿಯ ಕಡೆಯವರು ಬೀಗರ ಮನೆಗೆ ಹೋಗುವಾಗ ನಮ್ಮಲ್ಲಿಂದ ಪುಡಿ ಕಟ್ಟಿಸಿಕೊಂಡು ಹೋಗುತ್ತಾರೆ, ಅದನ್ನು ‘ಶಹಾಪುರ ಚಾ’ ಎಂದೇ ಕರೆಯುತ್ತಾರೆ. ತಂದೆಯವರು ಗಳಿಸಿದ ಹೆಸರು ಅದು. ಗಳಿಸಿದವರು ಹೋದರು, ಅನುಭವಿಸುವವನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟುಕೊಂಡು ನಿಂತಿದ್ದಾನೆ, ಹೆಸರು ಮಾತ್ರ ಬೇರೆ ಯಾರದೋ ಪಾಕೀಟಿನೊಳಗೆ ಸೇರಿ ತೂಗುತ್ತಿದೆ.

ಕಿರಾಣಿಯವರು ಸಜ್ಜನರು. ನಾನು ಶಹಾಪುರದವನೆಂದು ತಿಳಿದ ಕೂಡಲೇ ಕುರ್ಚಿ ಕೊಟ್ಟು, ನಿಮ್ಮೂರ ಮಾಲು ಬಹಳ ಖರ್ಚಾಗುತ್ತದೆ ಎಂದು ಹೊಗಳಿದರು. ತೋಟ ಗುಡ್ಡದ ಯಾವ ಮಗ್ಗುಲಿಗಿದೆ ಎಂದು ನನ್ನನ್ನೇ ಕೇಳಿದರು. ನಮ್ಮ ಗುಡ್ಡದ ಮೇಲೆ ಬಂಡೆ, ಮಂಗ ಮತ್ತು ಬಿಸಿಲನ್ನು ಬಿಟ್ಟು ಬೇರೇನೂ ಇಲ್ಲವೆಂದು ನಾನು ಮೆಲ್ಲಗೆ ಹೇಳಿದೆ. ಅವರಿಗೆ ನನ್ನ ಅಜ್ಞಾನದ ಬಗ್ಗೆ ಮರುಕ ಬಂತು.

“ಮೊದಲು ಇರಲಿಲ್ರಿ. ಕಾಲುವಿ ನೀರು ಬಂದ ಮ್ಯಾಲ ಹಚ್ಯಾರ. ಜ್ವಾಳದ ಹೊಲದಾಗ ನೆಲ್ಲು ನಿಂತದ ಅಂದ ಮ್ಯಾಲ ಗುಡ್ಡದಾಗ ಚಾ ನಿಂದ್ರಂಗಿಲ್ಲೇನ್ರಿ?”

ನಾರಾಯಣಪುರದ ಕಾಲುವೆ ಬಂದ ಮೇಲೆ ನಮ್ಮ ಕಡೆ ಜೋಳ ಹೋಗಿ ಭತ್ತ ಬಂದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಭತ್ತ ಬರುತ್ತದೆ ಎಂದಾಗ ನಗಾಡಿದವರಲ್ಲಿ ನಾನೂ ಒಬ್ಬ. ಈಗ ಚಹಾಕ್ಕೆ ನಗಾಡುವ ಧೈರ್ಯ ಯಾರಿಗಿದೆ? ನಿಜ ಹೇಳಬೇಕೆಂದರೆ, ಒಂದು ಪಾಕೀಟು ಕೊಂಡು ಬಸ್ಸು ಹತ್ತಿದವನು, ಊರು ಹತ್ತಿರವಾದಾಗ ಕಿಟಕಿಯಿಂದ ಬಗ್ಗಿ ಗುಡ್ಡವನ್ನು ಒಮ್ಮೆ ನೋಡಿಯೇ ಬಿಟ್ಟೆ. ಬೋಳಾಗಿಯೇ ಇತ್ತು. ಜೀವ ತಣ್ಣಗಾಯಿತು.

ಆ ಸಂಜೆ ಅಕ್ಕನ ಮಗಳು ಶೈಲಾ ಬಂದಿದ್ದಳು. ಸುರಪುರದಲ್ಲಿ ವಕೀಲಿಕೆ ಮಾಡುತ್ತಾಳೆ. ನಾನು ಪಾಕೀಟನ್ನು ನೀಲಮ್ಮನ ಕೈಗೆ ಕೊಟ್ಟು, ಶೈಲಾಳಿಗೆ ಅಂಗಡಿಯಲ್ಲೇ ಸ್ಟೂಲು ಹಾಕಿ, ಬಲಗಾಲು ಎಡಗಾಲಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಊರಿನ ಹೆಸರನ್ನು ಕದ್ದವರಿಗೆ ಕಾನೂನಿಲ್ಲವೇ ಎಂದು ಕೇಳಿದೆ. ಇದೆ ಎಂದಳು. ಒಂದು ಪದಾರ್ಥದ ಗುಣ ಅದು ಹುಟ್ಟಿದ ನೆಲ, ನೀರು, ಅಲ್ಲಿಯವರ ಕೈಗಳಿಂದ ಬಂದಿದ್ದರೆ, ಆ ಊರಿನ ಹೆಸರನ್ನು ನೋಂದಣಿ ಮಾಡಿಸಬಹುದು. ಅದಕ್ಕೆ ಭೌಗೋಳಿಕ ಸೂಚಕ ಎನ್ನುತ್ತಾರೆ. ಹೆಸರು ಒಬ್ಬರ ಸ್ವತ್ತಾಗುವುದಿಲ್ಲ, ಅಲ್ಲಿ ಬೆಳೆಯುವವರೆಲ್ಲರದೂ ಆಗುತ್ತದೆ. ಬೇರೆ ಕಡೆಯ ಮಾಲಿಗೆ ಅದನ್ನು ಅಂಟಿಸಿದರೆ ಜೈಲಿನವರೆಗೂ ಹೋಗಬಹುದು. ನಮ್ಮ ಕಲಬುರಗಿ ತೊಗರಿಬೇಳೆಗೆ ಅದು ಸಿಕ್ಕಿದೆ, ನೀಲಮ್ಮ ಉಟ್ಟಿದ್ದ ಇಳಕಲ್ ಸೀರೆಗೂ ಇದೆ. ನಾನು ಪ್ರತಿ ಮಾತಿಗೂ ಹೌದು ಹೌದು ಎಂದು ತೊಡೆ ತಟ್ಟುತ್ತಿದ್ದೆ. “ಇಡೀ ದೇಶದಾಗ ಮೊದಲು ನೋಂದಣಿ ಆಗಿದ್ದು ಒಂದು ಚಾದ ಹೆಸರು ಮಾಮಾ” ಎಂದು ಅವಳು ಹೆಮ್ಮೆಯಿಂದ ಹೇಳಿದಳು. “ಡಾರ್ಜಿಲಿಂಗ್.”

ನನ್ನ ಕೈ ತೊಡೆಯ ಮೇಲೇ ನಿಂತಿತು.

ನಮ್ಮ ಅಂಗಡಿಯಲ್ಲಿ ತಗಡಿನ ಮೂರು ದೊಡ್ಡ ಡಬ್ಬಗಳಿವೆ. ತಂದೆಯವರು ಪೇಂಟರಿನಿಂದ ಬರೆಸಿದ ಹೆಸರುಗಳು: ಆಸಾಮ್, ನೀಲಗಿರಿ, ಡಾರ್ಜಿಲಿಂಗ್. ಪುಡಿಯೆಲ್ಲ ಹೈದರಾಬಾದಿನ ಒಬ್ಬರೇ ವ್ಯಾಪಾರಿಯಿಂದ ಬರುವುದು, ಬೆಳೆಯುವುದು ಆಸಾಮಿನಲ್ಲಿ. ಹೀಗಾಗಿ ಮೊದಲನೆಯ ಡಬ್ಬ ಅಕಸ್ಮಾತ್ತಾಗಿ ಸತ್ಯವಂತ. ತಂದೆಯವರ ಲೆಕ್ಕದಲ್ಲಿ ಇವು ಊರಿನ ಹೆಸರುಗಳೇ ಅಲ್ಲ, ಕಾಳಿನ ಗಾತ್ರದ ಹೆಸರುಗಳು. ದಪ್ಪ ಕಾಳಿನದು ಆಸಾಮ್, ನಡುವಿನದು ನೀಲಗಿರಿ, ಎಲ್ಲಕ್ಕಿಂತ ಸಣ್ಣಗಿದ್ದು ಕುದಿಸಿದರೆ ಗಾಡಿಯ ಕೀಲೆಣ್ಣೆಯಂತೆ ಕಪ್ಪಾಗುವುದು ಡಾರ್ಜಿಲಿಂಗ್. ಅದಕ್ಕೆ ಮಾತ್ರ ಏಲಕ್ಕಿ ಸಿಪ್ಪೆ ಕುಟ್ಟಿ ಬೆರೆಸುವ ಪದ್ಧತಿ. ಜನ ‘ಶಹಾಪುರ ಚಾ’ ಎನ್ನುವುದೂ ಅದನ್ನೇ. ಸೊಲ್ಲಾಪುರದಿಂದಾಚೆ ಕಾಲಿಡದ ತಂದೆಯವರಿಗೆ ಡಾರ್ಜಿಲಿಂಗ್ ಎಂಬಲ್ಲಿ ಮನುಷ್ಯರಿದ್ದಾರೆ, ಅವರಿಗೂ ತಮ್ಮೂರ ಹೆಸರಿನ ಮೇಲೆ ಪ್ರೀತಿ ಇರಬಹುದು ಎಂದು ಹೊಳೆದಿರಲಿಕ್ಕಿಲ್ಲ. ನನಗೂ ಆ ಸಂಜೆಯವರೆಗೆ ಹೊಳೆದಿರಲಿಲ್ಲ.

ಅಷ್ಟು ಹೊತ್ತಿಗೆ ಮೂರನೆಯ ಡಬ್ಬದ ಮೇಲೆ ಒಂದು ಗೋಣಿಚೀಲ ಬಿದ್ದಿತ್ತು. ಅದು ಹೇಗೆ ಬಿತ್ತೆಂಬುದರ ಬಗ್ಗೆ ನಾನು ಇಲ್ಲಿ ಏನೂ ಹೇಳುವುದಿಲ್ಲ. ಶೈಲಾ ಎದ್ದು ಚೀಲವನ್ನು ಬೆರಳ ತುದಿಯಿಂದ ಎತ್ತಿ, ಡಬ್ಬದ ಮೇಲಿನ ಹೆಸರು ಓದಿ, ಮತ್ತೆ ಅಲ್ಲೇ ಬಿಟ್ಟಳು.

“ನೋಟಿಸು ಕೊಡೂಣಂತ ಮಾಮಾ. ಮೊದಲು ಒಂದು ಹೇಳ್ರಿ. ಎಲಿ ಆಸಾಮಿಂದು, ಹೆಸರು ಡಾರ್ಜಿಲಿಂಗಿಂದು. ಇದರಾಗ ಶಹಾಪುರದ್ದು ಏನದ?”

ನಾನು ಇದ್ದೀನಲ್ಲ ಎಂದೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಗ ಪರದೆ ಸರಿಸಿ ನೀಲಮ್ಮ ಚಹಾ ತಂದಳು. ನನ್ನನ್ನು ಕೇಳದೆ ಆ ಪಾಕೀಟನ್ನೇ ಒಡೆದು ಕುದಿಸಿದ್ದಳು. ಅವಳ ಮುಖದಲ್ಲಿ ಒಂದು ಶಾಂತಿಯಿತ್ತು. ಸೋಸಿದ ಚರಟವನ್ನು ಅಂಗೈಯಲ್ಲಿ ಹಿಡಿದು ನಮಗೆ ತೋರಿಸಿದಳು. ಅದರಲ್ಲಿ ಅರ್ಧಂಬರ್ಧ ಜಜ್ಜಿದ ಏಲಕ್ಕಿ ಸಿಪ್ಪೆಗಳಿದ್ದವು. “ಇದು ನನ್ನ ಕುಟ್ಟಾಣಿ ಕುಟ್ಟಿದ್ದು. ನಾ ಹಿಂಗ ಒರಟ ಕುಟ್ತೀನಂತ ನೀವ ಬೈತೀರಿ. ಮೂರನೇ ಡಬ್ಬಿದ ಪುಡಿ ಇದು.”

ಕುಡಿದು ನೋಡಿದೆ. ನಮ್ಮದೇ. ಹಾಗಾದರೆ ಇದು ವಿರುಪಣ್ಣನ ಕೆಲಸ. ಯಾದಗಿರಿಯ ವಿರುಪಣ್ಣ ಎಂಬ ಗೃಹಸ್ಥರು ತಿಂಗಳಿಗೊಮ್ಮೆ ಬಂದು, ಕಲ್ಯಾಣ ಮಂಟಪದ ಅಡುಗೆಗೆಂದು ಮೂರನೆಯ ಡಬ್ಬದ ಪುಡಿಯನ್ನು ಚೀಲಗಟ್ಟಲೆ ಒಯ್ಯುತ್ತಿದ್ದರು. ಯಾದಗಿರಿಯಲ್ಲಿ ಅಷ್ಟೊಂದು ಮದುವೆಗಳಾಗುತ್ತವೆಯೇ ಎಂದು ನಾನು ಸಂತೋಷಪಡುತ್ತಿದ್ದೆ. ಈಗ ನೋಡಿದರೆ ಆಸಾಮಿನ ಎಲೆ ಶಹಾಪುರಕ್ಕೆ ಬಂದು ಡಾರ್ಜಿಲಿಂಗ್ ಆಗಿ, ಭೀಮಾ ನದಿ ದಾಟಿದ ಮೇಲೆ ಮತ್ತೆ ಶಹಾಪುರ ಆಗುತ್ತಿತ್ತು. ನನ್ನ ಹೆಸರು ಕದ್ದವರು ಯಾರೆಂದರೆ ನನ್ನ ಎಲ್ಲರಿಗಿಂತ ದೊಡ್ಡ ಗಿರಾಕಿ. ಬಿಟ್ಟುಕೊಟ್ಟರೆ ತಂದೆಯವರ ಹೆಸರು ಹೋಗುತ್ತದೆ, ಜಗಳ ತೆಗೆದರೆ ತಂದೆಯವರ ಅಂಗಡಿ ಹೋಗುತ್ತದೆ. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ ಎಂದು ಬರೆಯಬಹುದಿತ್ತು. ಮಾಡಿದೆ, ಆದರೆ ರುಚಿ ಹತ್ತಲಿಲ್ಲ.

ವಿರುಪಣ್ಣ ಬಂದಾಗ ಖಾಲಿ ಪಾಕೀಟನ್ನು ತಕ್ಕಡಿಯ ಪಕ್ಕದಲ್ಲಿಟ್ಟೆ. ಅವರು ಒಂದಿಷ್ಟೂ ಅಳುಕಲಿಲ್ಲ. ಚಿತ್ರ ಹೇಗಿದೆ ಎಂದು ಕೇಳಿದರು. ಗುಡ್ಡ ಸರಿಯಾಗಿದೆ, ಹೆಸರು ಹೇಗೆ ಬಂತು ಎಂದೆ.

“ನೋಡ್ರಿ ಸಾವ್ಕಾರ್ರ, ಡಬ್ಬಿ ಮ್ಯಾಲ ನೀವು ಡಾರ್ಜಿಲಿಂಗ್ ಅಂತ ಬರ್ಸೀರಿ. ನಾನೂ ಅದನ್ನ ಬರ್ಸಿದ್ರ ಸುಳ್ಳ ಆಗ್ತಿತ್ತು. ಮಾಲು ಎಲ್ಲಿಂದ ತಂದೆ? ಶಹಾಪುರದಿಂದ. ಖರೇನ ಬರ್ಸೀನಿ.”

ಅವರ ಪ್ರಾಮಾಣಿಕತೆಗೆ ಮನಸ್ಸಿನಲ್ಲೇ ಒಂದು ನಮಸ್ಕಾರ ಹಾಕಿದೆ. ತೋಟದ ವಿಷಯ ಕೇಳಿದಾಗ, ಅದು ಚಿತ್ರ ಬರೆದವನು ಸ್ವಂತ ಖುಷಿಗೆ ಬೆಳೆಸಿದ್ದು, ಬೋಳು ಗುಡ್ಡ ಹಾಕಿದರೆ ಜನ ಸಿಮೆಂಟ್ ಎಂದು ತಿಳಿಯುತ್ತಾರೆ ಎಂದರು. ಪರದೆಯ ಹಿಂದಿನಿಂದ ನೀಲಮ್ಮ, ಗುಡ್ಡ ಬೋಳಾಗದ ಹೊರತು ತಾನು ಸಿಪ್ಪೆ ಕುಟ್ಟುವುದಿಲ್ಲ ಎಂದಳು. ಬಹಳ ಜೋರಾಗಿಯೇನೂ ಹೇಳಲಿಲ್ಲ. ನನಗೆ ಹೆದರದಿದ್ದವರು ಕುಟ್ಟಾಣಿಗೆ ಹೆದರಿದರು. ಕೆಂಪಕ್ಷರದ ಜಾಗದಲ್ಲಿ, ಶೈಲಾ ಮೊದಲೇ ಬರೆದುಕೊಟ್ಟಿದ್ದ ಮಾತನ್ನೇ ಅಚ್ಚು ಹಾಕಿಸಲು ಒಪ್ಪಿದರು: ‘ಎಲೆ ಆಸಾಮಿನದು, ಬೆರೆಸಿದ್ದು ಶಹಾಪುರದಲ್ಲಿ.’ ಹೊಸ ಪಾಕೀಟಿನಲ್ಲಿ ಗುಡ್ಡ ಬೋಳಾಗಿದೆ. ಎಲೆ ಕೀಳುವವರಲ್ಲಿ ಒಬ್ಬಳನ್ನು ಮಾತ್ರ ಉಳಿಸಿ, ಬುಟ್ಟಿ ಬಿಡಿಸಿ, ಕೈಗೆ ಕುಟ್ಟಾಣಿ ಕೊಟ್ಟಿದ್ದಾರೆ. ನೀಲಮ್ಮ ಅದು ತಾನೇ ಎಂದು ನಂಬಿದ್ದಾಳೆ, ಮೂಗು ಮಾತ್ರ ಸರಿಯಾಗಿಲ್ಲವಂತೆ.

ಹೊಸ ಪಾಕೀಟು ಬರುವ ಮೊದಲೇ ನಾನು ನೀಲಗಿರಿ, ಡಾರ್ಜಿಲಿಂಗ್ ಎರಡೂ ಡಬ್ಬಗಳ ಹೆಸರಿಗೆ ಕಪ್ಪು ಬಣ್ಣ ಹೊಡೆದಿದ್ದೆ. ಮರುದಿನವೇ ಖಾಜಾಬಿ ಬಂದರು. ದೋರನಹಳ್ಳಿಯಲ್ಲಿ ರಸ್ತೆ ಬದಿಗೆ ಚಹಾದ ಹೋಟೆಲು ಇಟ್ಟಿರುವವರು. ಲಾರಿ ಡ್ರೈವರುಗಳು ಅವರ ಡಾರ್ಜಿಲಿಂಗ್‌ಗಾಗಿಯೇ ಗಾಡಿ ನಿಲ್ಲಿಸುತ್ತಾರೆ. ಅವರಿಗೆ ಓದಲು ಬರುವುದಿಲ್ಲ, ಆದರೆ ಬಾಗಿಲಿಗೆ ಬರುತ್ತಲೇ ನಿಂತುಬಿಟ್ಟರು.

“ಡಬ್ಬಿ ಮುಖಕ್ಕ ಮಸಿ ಯಾಕ ಬಳದೀರಿ ಸಾವ್ಕಾರ್ರ? ಪತ್ತಿ ಬದಲ್ ಮಾಡೀರೇನು?”

ಪುಡಿ ಅದೇ, ಹೆಸರು ನಮ್ಮದಲ್ಲ ಎಂದು ಎಷ್ಟು ಹೇಳಿದರೂ ಚೀಲ ಚಾಚಲಿಲ್ಲ. ಕೊನೆಗೆ ಅಲ್ಲೇ ಚಹಾ ಮಾಡಿಸಿ ಕೊಟ್ಟೆ. ಬಸಿಗೆ ಸುರುವಿಕೊಂಡು, ಊದಿ, ಕಣ್ಣು ಮುಚ್ಚಿ ಕುಡಿದರು. ಅಸಲಿ ಡಾರ್ಜಿಲಿಂಗ್ ಜೇನಿನ ಬಣ್ಣಕ್ಕಿರುತ್ತದಂತೆ, ಹಾಲಿಲ್ಲದೆ ಕುಡಿಯುತ್ತಾರಂತೆ ಎಂದು ಶೈಲಾಳಿಂದ ಕೇಳಿದ್ದನ್ನು ಹೇಳಿದೆ. ಅಲ್ಲಿಯವರಿಗೆ ಎಮ್ಮೆಗಳಿಲ್ಲವೇನೋ ಪಾಪ ಎಂದು ಅವರು ನಿಟ್ಟುಸಿರುಬಿಟ್ಟರು. ಆಮೇಲೆ ಬಸಿಯನ್ನು ಕೆಳಗಿಟ್ಟು ತೀರ್ಪು ಕೊಟ್ಟರು.

“ಕಾನೂನು ನಿಮಗ ಬರೀಬ್ಯಾಡ ಅಂದದ. ನನಗ ಕೇಳಬ್ಯಾಡ ಅಂದಿಲ್ಲಲ್ರಿ. ನಾ ಡಾರ್ಜಿಲಿಂಗ್ ಅಂತ ಕೇಳ್ತೀನಿ, ನೀವು ಕಿವುಡರಂಗ ಇದ್ದು ತೂಗ್ರಿ.”

ಹಾಗೇ ನಡೆದಿದೆ. ಅವರು ಡಾರ್ಜಿಲಿಂಗ್ ಎನ್ನುತ್ತಾರೆ, ನಾನು ಆಸಾಮ್ ಪುಡಿ, ಏಲಕ್ಕಿ ಸಿಪ್ಪೆ ಎಂದು ಪ್ರತಿ ಸಲವೂ ಸ್ಪಷ್ಟವಾಗಿ ಹೇಳಿ ತೂಗುತ್ತೇನೆ, ಅವರು ಹೂಂ ಅದೇ ಎನ್ನುತ್ತಾರೆ. ಡ್ರೈವರುಗಳ ಮುಂದೆ ಈಗೀಗ ‘ನೀಲಮ್ಮನ ಚಾ’ ಎಂದೂ ಹೇಳುತ್ತಾರಂತೆ. ಆ ಹೆಸರಿಗೆ ನೋಂದಣಿ ಇಲ್ಲ, ಆದರೆ ದುರುಪಯೋಗ ಮಾಡಿಕೊಳ್ಳಲು ಗಟ್ಟಿ ಎದೆ ಬೇಕು.

ನಾನು ಹೇಳಿದ್ದನ್ನೆಲ್ಲ ಕಂಡವರಿದ್ದಾರೆ, ದೇವರ ದಯೆಯಿಂದ ಎಲ್ಲರೂ ಬದುಕಿದ್ದಾರೆ. ಗುಡ್ಡದ ಮೇಲಿನ ತೋಟಕ್ಕೆ ಯಾದಗಿರಿಯ ಕಿರಾಣಿಯವರು ಸಾಕ್ಷಿ. ನಾವು ತೋಟವನ್ನು ಕಿತ್ತುಹಾಕಿದ್ದೇವೆ ಎಂದು ಅವರು ಈಗಲೂ ಬೇಸರಪಡುತ್ತಾರೆ. ಮಸಿ ಬಳಿದ ಡಬ್ಬಕ್ಕೆ ಖಾಜಾಬಿ ಸಾಕ್ಷಿ. ಕಾನೂನಿನ ಮಾತಿಗೆ ಸುರಪುರದಲ್ಲಿ ಶೈಲಾ ಇದ್ದಾಳೆ. ಆ ಸಂಜೆ ಗೋಣಿಚೀಲ ಮೂರನೆಯ ಡಬ್ಬದ ಮೇಲೆ ಹೇಗೆ ಬಿತ್ತೆಂಬುದನ್ನು ಕಂಡವರು ಮಾತ್ರ ಒಬ್ಬರೇ. ಪರದೆಯ ಸಂದಿಯಲ್ಲಿ ನಿಂತಿದ್ದರು, ಕನ್ನಡಕದ ಅಗತ್ಯವಿಲ್ಲದ ಕಣ್ಣು. ನಾನು ಯಾವ ಕೈಯಿಂದ ಎಳೆದೆ, ಎಷ್ಟು ಅವಸರದಿಂದ ಎಳೆದೆ, ಎಳೆದ ಮೇಲೆ ಯಾವ ಕಡೆ ನೋಡಿದೆ ಎಂಬುದನ್ನೆಲ್ಲ ನನಗಿಂತ ಕರಾರುವಾಕ್ಕಾಗಿ ಹೇಳುತ್ತಾರೆ. ಅವರೂ ಬದುಕಿದ್ದಾರೆ, ಚೆನ್ನಾಗಿದ್ದಾರೆ, ಈಗ ಒಳಗೆ ಕುಟ್ಟಾಣಿಯ ಸದ್ದು ಕೇಳುತ್ತಿದೆ.