ವೇಬ್ರಿಡ್ಜ್ ಹತ್ತಿದ ನ್ಯೂಟ್ರಿನೊ

ನ್ಯೂಟ್ರಿನೊ ಎಂಬ ಕಣಕ್ಕೆ ತೂಕ ಎಲ್ಲಿಂದ ಬಂತು ಎಂದು ದೊಡ್ಡ ದೊಡ್ಡ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದ ಕಾಲದಲ್ಲಿ, ಆ ತೂಕವನ್ನು ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲೇ ಕಣ್ಣಾರೆ ಕಂಡವನು ನಾನು. ಹಾಗಂತ ಒಂದು ಮಧ್ಯಾಹ್ನ ನಂಬಿದ್ದೆ. ಒಂದೇ ಮಧ್ಯಾಹ್ನ ಸಾಕಾಯಿತು!

ನನ್ನ ಕೆಲಸ ವೇಬ್ರಿಡ್ಜಿನಲ್ಲಿ. ಭತ್ತದ ಲಾರಿ ಬಂದು ಕಬ್ಬಿಣದ ಹಾಸಿನ ಮೇಲೆ ನಿಲ್ಲುತ್ತದೆ, ಕೋಣೆಯೊಳಗಿನ ಡಬ್ಬದಲ್ಲಿ ಅದರ ತೂಕ ಕೆಂಪು ಅಂಕಿಯಲ್ಲಿ ಮೂಡುತ್ತದೆ, ನಾನು ಚೀಟಿ ಕೊಡುತ್ತೇನೆ. ಕೂಲಿನಾಲಿ ಮಾಡಿಕೊಂಡಿದ್ದವನು, ಮೀಸೆ ನರೆಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಪಾಸು ಮಾಡಿ ಗಿಟ್ಟಿಸಿಕೊಂಡ ಕುರ್ಚಿ ಅದು. ತಡವಾಗಿ ಹತ್ತಿದ ಓದಿನ ಹುಚ್ಚು ಜೋರಾಗಿಯೇ ಹತ್ತಿತ್ತು. ತೂಕವೇ ಇಲ್ಲ ಎಂದುಕೊಂಡಿದ್ದ ನ್ಯೂಟ್ರಿನೊಗೆ ಚೂರೇ ಚೂರು ತೂಕ ಇದೆಯಂತೆ, ಎಲ್ಲಿಂದ ಬಂತೋ ಯಾರಿಗೂ ತಿಳಿಯದಂತೆ ಎಂದು ಲೈಬ್ರರಿಯ ಪತ್ರಿಕೆಯಲ್ಲಿ ಓದಿದ್ದೆ. ತೂಕದ ವಿಷಯ ಎಂದ ಮೇಲೆ ಅದು ನನ್ನ ಇಲಾಖೆಯೇ ಅಲ್ಲವೇ!

ಅವತ್ತು ಮಟಮಟ ಮಧ್ಯಾಹ್ನ. ರಸ್ತೆಯಲ್ಲಿ ನರಪಿಳ್ಳೆಯೂ ಇಲ್ಲ. ಗಾಳಿ ನಿಂತುಹೋಗಿತ್ತು. ಕಾಗೆಗಳೂ ಬಾಯಿ ಮುಚ್ಚಿಕೊಂಡಿದ್ದವು. ಡಬ್ಬದಲ್ಲಿದ್ದ ಸೊನ್ನೆ ಸದ್ದಿಲ್ಲದೆ ಹತ್ತು ಕೆಜಿ ಆಯಿತು. ಕಿಟಕಿಯಿಂದ ಇಣುಕಿದೆ. ಹಾಸು ಖಾಲಿ. ಸ್ವಲ್ಪ ಹೊತ್ತಿಗೆ ಇಪ್ಪತ್ತಾಯಿತು. ಯಾರೋ ಮೊದಲು ಒಂದು ಕಾಲು ಇಟ್ಟು, ಯೋಚನೆ ಮಾಡಿ, ಆಮೇಲೆ ಇನ್ನೊಂದು ಕಾಲು ಇಟ್ಟ ಹಾಗೆ.

ನನ್ನ ಹೆಂಡತಿ ರಾಜಮ್ಮ ಊಟದ ಡಬ್ಬಿ ಹಿಡಿದು ಬಂದಳು. ಸೋಸಲೆ ಕಡೆಯವಳು, ಸುಲಭಕ್ಕೆ ಹೆದರುವವಳಲ್ಲ. ಕೆಂಪು ಅಂಕಿ ನೋಡಿದಳು, ಖಾಲಿ ಹಾಸು ನೋಡಿದಳು, ನನ್ನ ಮುಖ ನೋಡಿದಳು.

"ಏನ್ರೀ ಇದು? ದೆವ್ವವಾ?"

"ದೆವ್ವ ಅಲ್ಲ ಕಣಮ್ಮಿ, ನ್ಯೂಟ್ರಿನೊ! ಕಣ್ಣಿಗೆ ಕಾಣಕ್ಕಿಲ್ಲ. ಗೋಡೆ ತೂರ್ಕಂಡು ಓಯ್ತದೆ. ಕೋಟಿಗಟ್ಲೆ ನಮ್ಮ ಮೈಯೊಳಗೇ ನುಗ್ಗಿ ಆಚೆಗೋಯ್ತಾ ಅವೆ, ನಮಗೆ ಗೊತ್ತೇ ಆಗಕ್ಕಿಲ್ಲ."

"ಅದ್ನೇ ಕಣ್ರೀ ನಾವು ದೆವ್ವ ಅನ್ನೋದು!"

ನಾನು ಗಂಟಲು ಸರಿಮಾಡಿಕೊಂಡು ಸಿದ್ಧಾಂತಕ್ಕೆ ಇಳಿದೆ. "ಪಾರ್ಕಲ್ಲಿ ಮಕ್ಕಳು ಆಡೋ ಸೀಸಾ ಹಲಗೆ ನೋಡಿದ್ಯಲ್ಲಾ? ಒಂದು ಕಡೆ ಭಾರವಾದೋರು ಕುಂತ್ರೆ ಇನ್ನೊಂದು ಕಡೆ ಮೇಲಕ್ಕೋಯ್ತದೆ. ನ್ಯೂಟ್ರಿನೊಗೂ ಒಂದು ಭಾರವಾದ ಜೋಡಿ ಇದ್ದಿರಬೌದಂತೆ. ಅದು ಅಷ್ಟು ಭಾರ ಆಗಿರೋದ್ಕೇ ಇದು ಇಷ್ಟು ಅಗುರವಂತೆ."

"ಆ ಭಾರದ್ದು ಎಲ್ಲದೆ?"

"ಅದು ಈಗ ಎಲ್ಲೂ ಇಲ್ಲ. ಲೋಕ ಉಟ್ಟಿದ ಒಸದ್ರಲ್ಲೇ ಸತ್ತೋಯ್ತಂತೆ."

ರಾಜಮ್ಮ ಊಟದ ಡಬ್ಬಿಯನ್ನು ನಿಧಾನವಾಗಿ ಕೆಳಗಿಟ್ಟಳು. "ಸತ್ತೋಗಿರೋದು ಆ ಕಡೆ ಕುಂತ್ಕಂಡು ಇನ್ನೂ ಇದ್ನ ತೂಗ್ತಾ ಅದೆ ಅಂತೀರಾ?"

ಪತ್ರಿಕೆಯಲ್ಲಿ ಓದುವಾಗ ನನಗೆ ಹಾಗೆ ಅನ್ನಿಸಿರಲಿಲ್ಲ. ಈಗ ಅನ್ನಿಸಿತು. ಆದರೂ ವಿಜ್ಞಾನದ ಮರ್ಯಾದೆ ಉಳಿಸಬೇಕಲ್ಲ! "ನೀನು ಅಂಕಿ ನೋಡಿ ಕೂಗು, ನಾನು ಪರೀಕ್ಷೆ ಮಾಡ್ತೀನಿ" ಎಂದು ಹೊರಟೆ. ಹಾಸಿನ ನಟ್ಟನಡುವೆ ನಿಂತು ನಾಲ್ಕು ದಿಕ್ಕೂ ನೋಡಿದೆ.

"ಏನೂ ಇಲ್ಲ ಕಣಮ್ಮಿ ಇಲ್ಲಿ!"

"ಎಂಬತ್ತು!" ಒಳಗಿನಿಂದ ಕಿರುಚಿದಳು.

ಹಾಸಿನಿಂದ ಕೆಳಕ್ಕೆ ಹಾರಿದೆ. "ಈಗ?"

"ಇಪ್ಪತ್ತು!"

ಧೈರ್ಯ ಮಾಡಿ ಮತ್ತೆ ಹತ್ತಿದೆ.

"ಅಯ್ಯೋ, ಎಂಬತ್ತು! ನಿಮ್ಮ ಇಂದೇನೇ ಬತ್ತಾ ಅದೆ ಕಣ್ರೀ!"

ನಾನು ಸರಕ್ಕನೆ ಹಿಂದೆ ತಿರುಗಿದೆ. ಬಿಸಿಲು, ನನ್ನ ನೆರಳು, ಅಷ್ಟೇ. "ಯಾರೂ ಇಲ್ಲಪ್ಪೋ!" ಎಂದು ಅರಚಿಕೊಂಡು ಓಡಿದೆ. ತೂಗಿಸಲು ಆಗಷ್ಟೇ ಒಳಗೆ ತಿರುಗಿದ್ದ ಲಾರಿಯೊಂದು ಇದನ್ನೆಲ್ಲ ನೋಡಿ, ಹಾಗೇ ರಿವರ್ಸಿನಲ್ಲಿ ಹೊರಟುಹೋಯಿತು. ಆ ಡ್ರೈವರ್ ನರಸೀಪುರದ ಟೀ ಅಂಗಡಿಯಲ್ಲಿ ಏನು ಹೇಳಿದನೋ, ಸಂಜೆವರೆಗೆ ಒಂದು ಲಾರಿಯೂ ಬರಲಿಲ್ಲ. ಮಾಲೀಕರಾದ ಮಾದಪ್ಪನವರೇ ಬಂದರು.

"ಏನ್ಲಾ ಪುಟ್ಟಸ್ವಾಮಿ, ದೆವ್ವ ಸಾಕಿದ್ದೀಯಂತೆ?"

ಇಲ್ಲಿ ಬಾಯಿ ಮುಚ್ಚಿಕೊಂಡಿದ್ದರೆ ಬದುಕುತ್ತಿದ್ದೆ. "ದೆವ್ವ ಅಲ್ಲ ಸಾ, ನ್ಯೂಟ್ರಿನೊ. ಎಲ್ಲಾ ಕಡೆನೂ ಇರ್ತದೆ. ನಾವು ತೂಗಿದ ಎಲ್ಲಾ ಲಾರಿ ಮೇಲೂ ಇದ್ದಿರ್ತದೆ" ಎಂದೆ.

"ಅಂದ್ರೆ ನಾನು ಎಲ್ರಿಗೂ ಸುಳ್ಳು ತೂಕ ಕೊಟ್ಟಿವ್ನಿ ಅಂತ ಊರ್ಗೆಲ್ಲಾ ಯೋಳ್ತೀಯಾ? ಆ ಡ್ರೈವರ್ ಕರಸ್ತೀನಿ. ನಾಳೆ ಮಧ್ಯಾನ ಅವನ ಕಣ್ಮುಂದೆ ಇದು ಸೊನ್ನೆ ತೋರಿಸ್ಬೇಕು. ಇಲ್ಲ, ಕುರ್ಚಿ ಬುಟ್ಟು ಓಗು!"

ಮಾರನೆಯ ದಿನ ರಾಜಮ್ಮ ದೇವನೂರು ಕಡೆಯ ಪೂಜಾರಿಯೊಬ್ಬರನ್ನು ಕರೆತಂದಳು. ನನಗೆ ಅವಮಾನ. ಆದರೆ ಕುರ್ಚಿ ದೊಡ್ಡದು! "ಮೊದ್ಲು ಜಾಗ ತೊಳೀರಿ" ಎಂದರು ಪೂಜಾರಿ. ಪೈಪು ಹಿಡಿದು ನಾನೇ ತೊಳೆದೆ. ಹಾಸಿನ ಸುತ್ತಲಿನ ಸಂದಿಯಿಂದ ಜಲ್ಲಿಕಲ್ಲು, ಮಣ್ಣು, ಮೊಳಕೆ ಬಂದ ಭತ್ತ ಎಲ್ಲಾ ಹೊರಬಂತು. ಕಾಯಿ ಒಡೆದದ್ದಾಯಿತು. ಮಟಮಟ ಮಧ್ಯಾಹ್ನವಾಯಿತು. ಗಾಳಿ ಮತ್ತೆ ನಿಂತಿತು. ಮಾಲೀಕರು, ಡ್ರೈವರ್, ಪೂಜಾರಿ, ರಾಜಮ್ಮ ಎಲ್ಲರೂ ಉಸಿರು ಬಿಗಿಹಿಡಿದು ಕೆಂಪು ಅಂಕಿಯನ್ನೇ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಸೊನ್ನೆ. ಅಲ್ಲಾಡಲಿಲ್ಲ!

ಮಾಲೀಕರು ಸಂದಿಯಿಂದ ಬಂದ ಒಂದು ಜಲ್ಲಿಕಲ್ಲನ್ನು ಎತ್ತಿ ನೋಡಿದರು. "ಬಿಸ್ಲಿಗೆ ಕಬ್ಬಿಣ ಇಗ್ಗಿ, ಸಂದೀಲಿ ಸಿಕ್ಕಂಡಿದ್ದ ಈ ಕಲ್ಲು ಅದ್ನ ಒತ್ತಿರ್ತದೆ. ಅದ್ಕೇ ಮಧ್ಯಾನ ಇಪ್ಪತ್ತು. ಆದ್ರೆ ಎಂಬತ್ತು ಯಾಕಾಯ್ತು?"

"ಇವ್ರು ಓಗಿ ಮೇಲೆ ನಿಂತಾಗ ಆಯ್ತಿತ್ತು ಸಾ" ಎಂದಳು ರಾಜಮ್ಮ.

ಮಾಲೀಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಓಗಿ ಅದರ ಮೇಲೆ ನಿಂತ್ಕೊ, ಪುಟ್ಟಸ್ವಾಮಿ" ಎಂದರು, ಬಹಳ ಮೆತ್ತಗೆ.

ಹೋಗಿ ನಿಂತೆ. ಒಳಗಿನಿಂದ "ಅರವತ್ತು" ಎಂಬ ಅವರ ದನಿ ಬಂತು. ಆಮೇಲೆ ನಗು. ಪೂಜಾರಿಯ ನಗು ಎಲ್ಲಕ್ಕಿಂತ ಜೋರಾಗಿತ್ತು!

ಕೆಲಸ ಉಳಿಯಿತು. ಲಾರಿಗಳು ಮತ್ತೆ ಬಂದವು. ಚೀಟಿ ಬರೆಯುವಾಗ ಈಗಲೂ ಡ್ರೈವರುಗಳು ಕಿಟಕಿಯಲ್ಲಿ ತಲೆ ತೂರಿಸಿ ಕೇಳುತ್ತಾರೆ: "ಸಾ, ಆ ಅರವತ್ತು ಕೆಜಿ ದೆವ್ವ ಬುಟ್ಟೋಯ್ತಾ?"

"ಎಲ್ಲಿಗೋಯ್ತದಪ್ಪ" ಎನ್ನುತ್ತೇನೆ. "ಕುರ್ಚಿ ಮೇಲೆ ಕುಂತು ನಿನ್ನ ಚೀಟಿ ಬರೀತಾ ಅದೆ."